ಕ್ಯಾರಿಯರ್ ಹಾಕಿಕೊಟ್ಟ ದಾರಿ

ಅಂದಾಜಣ್ಣನಿಗೆ ಆ ಹೆಸರಿಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಆದರೆ ಇಟ್ಟವರು ಯೋಚನೆ ಮಾಡಿಯೇ ಇಟ್ಟಿದ್ದರು. ಗಂಟೆ ಎಷ್ಟಾಯಿತು ಎಂದು ಕೇಳಿದರೆ, ಗೋಡೆ ಗಡಿಯಾರದ ಕೆಳಗೇ ನಿಂತುಕೊಂಡು "ಅಂದಾಜು ಊಟದ ಹೊತ್ತು" ಎನ್ನುವ ಆಸಾಮಿ ಅವನು. ಇಂಥವನನ್ನು ರಾಷ್ಟ್ರೀಯ ಉದ್ಯಾನದ ಕಚೇರಿಯವರು ಹುಡುಕಿ ಹುಡುಕಿ ಅಳತೆಯ ಕೆಲಸಕ್ಕೇ ಇಟ್ಟುಕೊಂಡಿದ್ದರು. ಸರ್ಕಾರಕ್ಕೂ ಒಮ್ಮೊಮ್ಮೆ ತಮಾಷೆ ಮಾಡಬೇಕು ಅನ್ನಿಸುತ್ತದೆ.

ಕೆಲಸವೇನೋ ಸಿಕ್ಕಿತ್ತು, ಆದರೆ ತಾತ್ಕಾಲಿಕ. ಅವನ ನಂತರ ಸೇರಿದವರೆಲ್ಲ ಖಾಯಂ ಆಗಿ, ಹೊಟ್ಟೆ ಬೆಳೆಸಿ, ಅವನಿಗೇ ಕೆಲಸ ಹೇಳುತ್ತಿದ್ದರು. ಮನೆಯೂ ಸ್ವಂತದ್ದಲ್ಲ, ಅತ್ತೆಯದು. ಅತ್ತೆ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ನೆಂಟರು ಬಂದು "ಅಳಿಯಂದಿರು ಏನು ಮಾಡ್ಕೊಂಡಿದಾರೆ?" ಎಂದಾಗ ಮಾತ್ರ "ಊಟ ಚೆನ್ನಾಗಿ ಮಾಡ್ತಾರೆ" ಎಂದು ಎದ್ದು ಒಳಗೆ ಹೋಗುತ್ತಿದ್ದರು.

ಹೀಗಿರುವಾಗ ಉದ್ಯಾನದ ನಡುವಿನ ಬೆಟ್ಟಕ್ಕೆ ಚಾರಣದ ದಾರಿ ಮಾಡಬೇಕೆಂದು ಆದೇಶ ಬಂತು. ಸಾಹೇಬರು ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದರು. ಬೆಟ್ಟವನ್ನು ಸುತ್ತಿ ಸುತ್ತಿ ಏರುವ, ಅಜ್ಜಿಯರು ಸೊಸೆಯಂದಿರ ದೂರು ಹೇಳಿಕೊಳ್ಳುತ್ತಲೇ ಹತ್ತಬಹುದಾದ ಗೆರೆ. ಮಂಡಿ ನೋವಿನ ಕಾರಣ ಸಾಹೇಬರು ಬೆಟ್ಟವನ್ನು ಕಿಟಕಿಯಿಂದ ನೋಡಿದ್ದೇ ಹೊರತು ಹತ್ತಿದ್ದಿಲ್ಲ. ಅಂದಾಜಣ್ಣನನ್ನು ಕರೆದು ಹೇಳಿದರು: "ನೋಡ್ರೀ, ಈ ಗೆರೆ ಹೋದ ಕಡೆ ಗಿಡಗಳಿಗೆ ಕೆಂಪು ಟೇಪ್ ಕಟ್ಕೊಂಡು ಬನ್ನಿ. ಇದೊಂದು ಸರಿಯಾಗಿ ಮಾಡಿದ್ರೆ ಖಾಯಂ ಮಾಡೋಕೆ ನಾನೇ ಬರೀತೀನಿ. ಅಂದಾಜು ಗಿಂದಾಜು ಮಾಡಿದ್ರೋ, ಮನೇಲಿ ಕೂತ್ಕೊಳ್ಳಿ."

ಟೇಪು ಕಟ್ಟಿದ ಮೇಲಿನ ಕೆಲಸ ಮೇಸ್ತ್ರಿಯದು. ಈ ಮೇಸ್ತ್ರಿಗೆ ಜೀವನದಲ್ಲಿ ಇದ್ದದ್ದು ಒಂದೇ ಸಿದ್ಧಾಂತ: ಟೇಪ್ ಎಲ್ಲಿದೆಯೋ ಅಲ್ಲಿ ಅಗೆಯೋದು. ಯಾಕೆ, ಏನು ಎಂದು ಕೇಳುವ ಕೆಟ್ಟ ಚಾಳಿ ಅವನಿಗಿರಲಿಲ್ಲ. ಹಿಂದೊಮ್ಮೆ ಯಾರೋ ತುಂಟರು ಕಚೇರಿಯ ಕಾಂಪೌಂಡಿಗೆ ಕೆಂಪು ಟೇಪು ಕಟ್ಟಿದ್ದಕ್ಕೆ, ಸಾಹೇಬರು ಊಟ ಮುಗಿಸಿ ಬರುವಷ್ಟರಲ್ಲಿ ಅರ್ಧ ಕಾಂಪೌಂಡು ಕೆಡವಿ, ಕಲ್ಲುಗಳನ್ನು ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದ.

ಖಾಯಂ ಎಂಬ ಮಾತು ಕಿವಿಗೆ ಬಿದ್ದ ದಿನದಿಂದ ಅಂದಾಜಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಚೇರಿಯಲ್ಲಿ ತಾತ್ಕಾಲಿಕದವರೆಲ್ಲ ವರಾಂಡದಲ್ಲಿ ಕೂತು ಪ್ಲಾಸ್ಟಿಕ್ ಡಬ್ಬಿಯಲ್ಲಿ ಊಟ ಮಾಡುತ್ತಿದ್ದರು. ಸಾಹೇಬರು ಮಾತ್ರ ಮೇಜಿನ ಮೇಲೆ ದೊಡ್ಡ ಕ್ಯಾರಿಯರ್ ಇಟ್ಟು, ಒಂದೊಂದೇ ಡಬ್ಬಿ ಬಿಡಿಸಿ, ಪ್ರತಿಯೊಂದನ್ನೂ ಬಗ್ಗಿ ನೋಡಿ "ಹೂಂ" ಎನ್ನುತ್ತಿದ್ದರು. ನಾಳೆ ಖಾಯಂ ಆದಾಗ ತಡವರಿಸಬಾರದು, ಈಗಿನಿಂದಲೇ ಹಾಗೆ ಉಣ್ಣುವುದನ್ನು ರೂಢಿ ಮಾಡಿಕೊಳ್ಳೋಣ ಎಂದು ಅಂದಾಜಣ್ಣ ತೀರ್ಮಾನಿಸಿದ.

ಮನೆಯಲ್ಲಿ ಕ್ಯಾರಿಯರ್ ಇತ್ತು. ಆದರೆ ಅದು ತೀರಿಕೊಂಡ ಮಾವನವರದು. ನಾಲ್ಕು ಡಬ್ಬಿಯ ಭಾರೀ ಸ್ಟೀಲ್ ಕ್ಯಾರಿಯರ್, ಪ್ರತಿ ಡಬ್ಬಿಯ ಅಂಚಿಗೂ ಬಳ್ಳಿಯ ಚಿತ್ತಾರ. ಮಾವ ಕೆಲಸಕ್ಕೆ ಹೋದಷ್ಟು ವರ್ಷವೂ ಅದನ್ನೇ ಒಯ್ದಿದ್ದರು, ಒಂದೇ ಒಂದು ತಗ್ಗು ಬಿದ್ದಿರಲಿಲ್ಲ. ಅತ್ತೆ ಅದನ್ನು ಬೀರುವಿನ ಮೇಲೆ ಬಟ್ಟೆ ಹೊದಿಸಿ ಇಟ್ಟಿದ್ದರು. ವಾರಕ್ಕೊಮ್ಮೆ ಇಳಿಸಿ ಒರೆಸಿ, ಅದರ ಜೊತೆ ಎರಡು ಮಾತಾಡಿ ಮತ್ತೆ ಮೇಲಿಡುತ್ತಿದ್ದರು.

ಬೆಳಿಗ್ಗೆ ಅದನ್ನು ಇಳಿಸುತ್ತಿದ್ದ ಗಂಡನನ್ನು ನೋಡಿ ಹೆಂಡತಿ, "ರೀ, ಅಮ್ಮನ್ನ ಕೇಳಿದ್ರಾ?" ಎಂದಳು.

"ಅಂದಾಜು ಕೇಳಿದ ಹಾಗೇನೇ" ಎಂದ ಅಂದಾಜಣ್ಣ.

ಟೇಪನ್ನು ಮೇಲಿಂದ ಕೆಳಕ್ಕೆ ಕಟ್ಟಿಕೊಂಡು ಬಂದರೆ ಸುಲಭ ಎಂದುಕೊಂಡು ಅವನು ಬೆಟ್ಟದ ಹಿಂಬದಿಯ ಇಳಿಜಾರಿನಿಂದ ತುದಿಗೆ ಹತ್ತಿದ. ಹತ್ತಿ ಮುಗಿಸಿದಾಗ ಹೊಟ್ಟೆ ಕೂಗುತ್ತಿತ್ತು. ಒಂದು ಬಂಡೆಯ ಮೇಲೆ ಕ್ಯಾರಿಯರ್ ಇಟ್ಟು, ಸಾಹೇಬರಂತೆಯೇ ಗಂಟಲು ಸರಿಮಾಡಿಕೊಂಡು, ಕೊಕ್ಕೆ ಬಿಡಿಸಿದ. ಮಡಿಲ ಮೇಲೆ ಟವೆಲು ಹಾಸಿಕೊಳ್ಳಲು ತಿರುಗಿದ್ದೇ ತಡ, ಮೊಣಕೈ ತಾಗಿತು. ಬಂಡೆ ಇಳಿಜಾರಿತ್ತು. ಕ್ಯಾರಿಯರ್ ಒಂದು ಕ್ಷಣ ಯೋಚಿಸಿದಂತೆ ನಿಂತು, ನಂತರ ಹೊರಟಿತು.

"ಏಯ್, ನಿಲ್ಲು" ಎಂದ ಅಂದಾಜಣ್ಣ. ಅದು ಮಾವನ ಕಾಲದ ಕ್ಯಾರಿಯರ್, ಅಳಿಯನ ಮಾತು ಯಾಕೆ ಕೇಳುತ್ತದೆ? ಹಿಡಿ ಮೊದಲು ಕಳಚಿಕೊಂಡಿತು. ಅನ್ನ ಒಂದು ಕಡೆ, ಪಲ್ಯ ಒಂದು ಕಡೆ, ಮೊಸರು ಎಲ್ಲ ಕಡೆ. ಡಬ್ಬಿಗಳು ಒಂದರ ಹಿಂದೆ ಒಂದು ಬಂಡೆಗೆ ಬಡಿದು ಎಡಕ್ಕೆ, ಮರಕ್ಕೆ ಬಡಿದು ಬಲಕ್ಕೆ, ಒಂದು ಗುಂಡುಕಲ್ಲಿನ ಮೇಲಂತೂ ಹಾರಿ ಆಚೆ ದಾಟಿ ಹೋದವು. ಮುಚ್ಚಳ ನಡುದಾರಿಯ ಮುಳ್ಳುಪೊದೆಯೊಂದಕ್ಕೆ ಪೂರ್ತಿ ಒಂದು ಸುತ್ತು ಹಾಕಿ, ಆಮೇಲೆ ಏನೋ ನೆನಪಾದಂತೆ ಕೆಳಕ್ಕೆ ಓಡಿತು.

ಅಂದಾಜಣ್ಣ ಕುಂಡಿಯ ಮೇಲೆ ಜಾರುತ್ತ ಹಿಂದೆಯೇ ಇಳಿದ. ಡಬ್ಬಿಗಳು ತರಗೆಲೆಯೊಳಗೆ ಎಲ್ಲಿ ಹುದುಗಿದವೋ, ಕಾಣಲಿಲ್ಲ. ಆದರೆ ಹೋದ ದಾರಿಯ ಗುರುತು ಮೊಸರಿನ ಕೃಪೆಯಿಂದ ಸ್ಪಷ್ಟವಾಗಿತ್ತು. ಈಗ ಹುಡುಕಲು ಆಗದಿದ್ದರೂ ನಾಳೆ ಬಂದು ಹುಡುಕಬಹುದು, ಗುರುತು ತಪ್ಪಬಾರದು ಎಂದು ಮೊಸರು ಕಂಡಲ್ಲೆಲ್ಲ ಗಿಡಕ್ಕೆ ಟೇಪು ಕಟ್ಟಿದ. ಪೊದೆಯ ಸುತ್ತಲೂ ಕಟ್ಟಿದ. ಜೀವನದಲ್ಲಿ ಮೊದಲ ಬಾರಿಗೆ ಒಂದು ಕೆಲಸವನ್ನು ಅಂದಾಜಿಲ್ಲದೆ ಮಾಡಿದ. ಬುಡಕ್ಕೆ ಬಂದಾಗ ಟೇಪಿನ ಸುರುಳಿ ಮುಗಿದಿತ್ತು, ಕಾಲು ಉಳುಕಿತ್ತು, ಕೈಯಲ್ಲಿ ಕ್ಯಾರಿಯರಿನ ಹಿಡಿ ಮಾತ್ರ ಇತ್ತು. ಅದನ್ನೂ ಹೆದರಿ ಪೊದೆಯೊಳಗೆ ಎಸೆದ.

ಕುಂಟುತ್ತ ಮನೆಗೆ ಬಂದವನನ್ನು ಅತ್ತೆ ಬಾಗಿಲಲ್ಲೇ ನಿಲ್ಲಿಸಿದರು. ಅವರ ಕಣ್ಣು ಅವನ ಕಾಲಿನ ಮೇಲಿರಲಿಲ್ಲ, ಖಾಲಿ ಕೈಯ ಮೇಲಿತ್ತು.

"ಬೀರು ಮೇಲಿಂದು ಎಲ್ಲಿ?"

"ಸಾಹೇಬ್ರು ಇಸ್ಕೊಂಡ್ರು, ಅತ್ತೆ" ಎಂದುಬಿಟ್ಟ ಅಂದಾಜಣ್ಣ. ನಾಲಿಗೆ ಎಲ್ಲಿಂದ ತಂದಿತೋ ಅವನಿಗೇ ತಿಳಿಯದು. "ನೋಡಿ ತುಂಬ ಮೆಚ್ಕೊಂಡ್ರು. ಇಂಥ ಕ್ಯಾರಿಯರ್ ಈಗ ಸಿಗಲ್ಲ, ಮನೆಗೆ ಒಯ್ದು ತೋರಿಸಿ ಕೊಡ್ತೀನಿ ಅಂದ್ರು."

ಅತ್ತೆ ಸೆರಗು ಸರಿಮಾಡಿಕೊಂಡರು. "ಮೆಚ್ಕೊಂಡ್ರಾ? ಮೆಚ್ಚೋ ಅಂಥದ್ದೇ. ಯಾವಾಗ ಕೊಡ್ತಾರಂತೆ?"

"ಅಂದಾಜು ಈ ವಾರ."

ಕಾಲಿನ ಬಾವಿನಿಂದ ಅವನು ಹಾಸಿಗೆ ಹಿಡಿದ. ಸಾಹೇಬರು ಅಷ್ಟರಲ್ಲಿ ಬೇರೆ ಊರಿಗೆ ತರಬೇತಿಗೆಂದು ಹೋಗಿದ್ದರು. ಹೀಗಾಗಿ ಬೆಟ್ಟದ ಬಳಿ ಉಳಿದದ್ದು ಮೇಸ್ತ್ರಿ, ಅವನ ಆಳುಗಳು ಮತ್ತು ಕೆಂಪು ಟೇಪು. ಮುಂದಿನದನ್ನು ಓದುಗರೇ ಊಹಿಸಬಹುದು. ಅಂದಾಜಣ್ಣ ಮಾತ್ರ ಊಹಿಸಲಿಲ್ಲ. ಅವನು ಮಲಗಿದಲ್ಲೇ ಅತ್ತೆಯ ದಿನನಿತ್ಯದ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ಮುಳುಗಿದ್ದ. ಸಾಹೇಬರ ಹೆಂಡತಿ ತವರಿಗೆ ಹೋಗಿದ್ದಾರೆ, ಬಂದಮೇಲೆ ತೋರಿಸಿ ಕೊಡುತ್ತಾರಂತೆ ಎಂದ. ಬಂದಿದ್ದಾರೆ, ಆದರೆ ಈಗ ಸಾಹೇಬರ ಅಕ್ಕ ನೋಡಬೇಕೆಂದಿದ್ದಾರಂತೆ ಎಂದ. ಅತ್ತೆಯ ದೃಷ್ಟಿಯಲ್ಲಿ ಸಾಹೇಬರು ದಿನದಿಂದ ದಿನಕ್ಕೆ ಇಳಿಯುತ್ತ ಹೋದರು. "ದೊಡ್ಡ ಹುದ್ದೆಯಂತೆ, ಬುದ್ಧಿ ನೋಡು" ಎಂದು ಅವರು ಎದುರುಮನೆಯ ನಿವೃತ್ತ ಡ್ರಿಲ್ ಮೇಷ್ಟ್ರಿಗೂ ಹೇಳಿ ಮೂಗು ಮುರಿದರು.

ಕಾಲು ನೆಟ್ಟಗಾಗಿ ಅಂದಾಜಣ್ಣ ಕಚೇರಿಗೆ ಹೋದ ದಿನವೇ ಸಾಹೇಬರೂ ತರಬೇತಿಯಿಂದ ಮರಳಿದ್ದರು. ಇಬ್ಬರೂ ಬೆಟ್ಟದ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿದರು. ಸಾಹೇಬರ ಟೋಪಿ ಹಿಂದಕ್ಕೆ ಬಿತ್ತು. ದಾರಿ ನೆಟ್ಟಗೆ ಮೇಲಕ್ಕೆ ಹೋಗಿತ್ತು. ನಡುವೆ ಸುಮ್ಮಸುಮ್ಮನೆ ಎಡಕ್ಕೆ ಹೊರಳುತ್ತಿತ್ತು, ಮರದ ಬುಡಕ್ಕೇ ಹೋಗಿ ಹೆದರಿದಂತೆ ಬಲಕ್ಕೆ ತಿರುಗುತ್ತಿತ್ತು. ಗುಂಡುಕಲ್ಲನ್ನು ಬಳಸಿ ಹೋಗುವ ಬದಲು ಅದರ ನೆತ್ತಿಯ ಮೇಲೇ ಮೆಟ್ಟಿಲು ಕಡೆದಿದ್ದರು. ಮುಳ್ಳುಪೊದೆಯ ಸುತ್ತ ಕಲ್ಲು ಹಾಸಿದ ಚೆಂದದ ಒಂದು ವೃತ್ತವಿತ್ತು.

"ಟೇಪ್ ಕಟ್ಟಿದ ಹಾಗೇ ಮಾಡಿದೀನಿ ಸಾರ್" ಎಂದ ಮೇಸ್ತ್ರಿ ಹೆಮ್ಮೆಯಿಂದ. "ಒಂದು ಗೇಣು ಆಚೀಚೆ ಇಲ್ಲ."

"ಇದೇನ್ರೀ, ದಾರೀನಾ ಏಣೀನಾ?" ಸಾಹೇಬರು ಅಂದಾಜಣ್ಣನ ಕಡೆ ತಿರುಗಿದರು. "ನಾನು ಎಳೆದಿದ್ದ ಗೆರೆ ಎಲ್ಲಿ?"

"ಅಂದಾಜು ಇದೇ ಸಾರ್" ಎಂದ ಅಂದಾಜಣ್ಣ.

"ನಾಳೆ ಹೆಡ್ಡಾಫೀಸಿಂದ ದೊಡ್ಡ ಮೇಡಂ ನೋಡೋಕೆ ಬರ್ತಾರೆ. ಅವರು ನನ್ನ ಕೇಳ್ತಾರೆ, ನಾನು ನಿಮ್ಮನ್ನ ತೋರಿಸ್ತೀನಿ. ಆಮೇಲೆ ನಿಮ್ಮ ಹಣೆಬರಹ."

ಅಂದಾಜಣ್ಣನ ಪಾಡು ಈಗ ಯಾರಿಗೂ ಬೇಡ. ಕ್ಯಾರಿಯರ್ ಎಲ್ಲಿ ಎಂದು ಮನೆಯಲ್ಲಿ ಕೇಳುತ್ತಿದ್ದರು. ಈ ಗೆರೆ ಎಲ್ಲಿಂದ ಬಂತು ಎಂದು ಕಚೇರಿಯಲ್ಲಿ ಕೇಳುತ್ತಿದ್ದರು. ಎರಡಕ್ಕೂ ಉತ್ತರ ಒಂದೇ ಆಗಿತ್ತು. ಅದನ್ನು ಮನೆಯಲ್ಲಿ ಹೇಳಿದರೆ ಮನೆ ಹೋಗುತ್ತಿತ್ತು, ಕಚೇರಿಯಲ್ಲಿ ಹೇಳಿದರೆ ಕೆಲಸ ಹೋಗುತ್ತಿತ್ತು.

ಮಾರನೆಯ ದಿನ ಬಂದ ದೊಡ್ಡ ಮೇಡಂ ಕಡ್ಡಿಯಂತಿದ್ದರು. ಓಟದ ಬೂಟು ಹಾಕಿದ್ದರು. ಯಾರೊಂದಿಗೂ ಮಾತಾಡದೆ ಬೆಟ್ಟ ಹತ್ತತೊಡಗಿದರು. ಸಾಹೇಬರು ಬುಡದಲ್ಲೇ ಮಂಡಿ ಹಿಡಿದುಕೊಂಡು ನಿಂತರು. ಮೇಡಂ ಇಳಿದು ಬಂದಾಗ ಮುಖ ಕೆಂಪಾಗಿತ್ತು, ಉಸಿರು ಸಿಕ್ಕಿಕೊಂಡಿತ್ತು.

"ಈ ಗೆರೆ ಯಾರದ್ದು?"

ಸಾಹೇಬರ ತೋರುಬೆರಳು ಬಾಣದಂತೆ ಅಂದಾಜಣ್ಣನ ಕಡೆ ಹೋಯಿತು.

"ಇಂಥ ದಾರಿ ನಾನು ಎಲ್ಲೂ ನೋಡಿಲ್ಲ" ಎಂದರು ಮೇಡಂ. "ಎಲ್ಲಾ ಕಡೆ ಸುತ್ತಿ ಸುತ್ತಿ ನಿದ್ದೆ ಬರಿಸೋ ದಾರಿಗಳೇ. ಇಲ್ಲಿ ಮಾತ್ರ ಮುಂದಿನ ತಿರುವು ಎಲ್ಲಿ ಬರುತ್ತೆ ಅಂತ ಗೊತ್ತೇ ಆಗಲ್ಲ. ಎಷ್ಟು ಸಹಜವಾಗಿದೆ."

ಸಾಹೇಬರ ಬೆರಳು ಗಾಳಿಯಲ್ಲಿ ನಿಧಾನಕ್ಕೆ ಬಾಗಿ, ಮಡಚಿಕೊಂಡು, ತಿರುಗಿ ಅವರದೇ ಎದೆಯ ಮೇಲೆ ಬಂದು ಕೂತಿತು. "ಇವರು ಟೇಪ್ ಕಟ್ಟಿದ್ದು ಮೇಡಂ. ಗೆರೆ ನಂದೇ."

"ಆ ಪೊದೆ ಸುತ್ತ ಯಾಕೆ ಸುತ್ತಿಸಿದ್ದೀರಿ?"

"ಹತ್ತಿ ಬಂದವರು ಒಂದು ಸುತ್ತು ನಿಧಾನಕ್ಕೆ ಬಂದರೆ ಉಸಿರು ತಹಬಂದಿಗೆ ಬರುತ್ತೆ ಮೇಡಂ. ಇದರ ಮೇಲೆ ತುಂಬಾ ಅಧ್ಯಯನ ಮಾಡಿದೀನಿ."

ಮೇಡಂ ಹೋದ ಮೇಲೆ ಅಂದಾಜಣ್ಣ ಕೈ ಹೊಸೆಯುತ್ತ, "ಸಾರ್, ನನ್ನ ಖಾಯಂ ವಿಷಯ" ಎಂದ. "ನಿಮ್ಮದೇನ್ರೀ ಇದರಲ್ಲಿ? ಗಂಟು ಹಾಕೋಕೆ ಖಾಯಂ ಯಾಕೆ?" ಎಂದರು ಸಾಹೇಬರು, ಸಂಪೂರ್ಣ ಪ್ರಾಮಾಣಿಕವಾಗಿ. ಅಷ್ಟು ಹೊತ್ತಿಗೆ ಅವರು ಅದನ್ನು ನಂಬಿಬಿಟ್ಟಿದ್ದರು.

ಉದ್ಘಾಟನೆಗೆ ದಿನ ಗೊತ್ತಾಯಿತು. ಅದರ ಹಿಂದಿನ ದಿನ ಎದುರುಮನೆಯ ಡ್ರಿಲ್ ಮೇಷ್ಟ್ರು ಹೊಸ ದಾರಿ ನೋಡಿಬರುತ್ತೇನೆಂದು ಹೋಗಿ, ಸಂಜೆ ಕಾಲು ಅಗಲಿಸಿಕೊಂಡು ನಡೆಯುತ್ತ ಬಂದರು. ಪೊದೆಯನ್ನು ಮೂರು ಸುತ್ತು ಬಂದರಂತೆ, ಮನಸ್ಸು ಬಹಳ ಹಗುರವಾಯಿತಂತೆ. ಕೊನೆಗೆ ಅತ್ತೆಗೆ ಹೇಳಿದರು: "ಬಾಯಾರಿತ್ತಮ್ಮಾ, ಮೇಸ್ತ್ರಿ ನೀರು ಕೊಟ್ಟ. ಕೊಟ್ಟಿದ್ದು ಒಂದು ಸ್ಟೀಲ್ ಡಬ್ಬೀಲಿ. ಅಂಚಿಗೆ ಬಳ್ಳಿ ಚಿತ್ತಾರ, ನಿಮ್ಮ ಯಜಮಾನರ ಕ್ಯಾರಿಯರ್ ಇತ್ತಲ್ಲ, ಥೇಟ್ ಹಾಗೇ. ಆದ್ರೆ ಪಾಪ, ತುಂಬ ನಜ್ಜುಗುಜ್ಜಾಗಿತ್ತು."

ಅತ್ತೆ ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿದರು. "ನಾಳೆ ನಾನೂ ಬರ್ತೀನಿ."

"ಅತ್ತೆ, ದಾರಿ ಬಹಳ ಕಡಿದು" ಎಂದ ಅಂದಾಜಣ್ಣ. "ನಿಮ್ಮ ಕೈಲಿ ಆಗಲ್ಲ."

"ನಿಮ್ಮ ಸಾಹೇಬರನ್ನ ಕೇಳೋದಿದೆ. ಅದಕ್ಕೆ ಎಷ್ಟು ಎತ್ತರ ಆದ್ರೂ ಹತ್ತುತ್ತೀನಿ."

ಮೇಡಂ ಉದ್ಘಾಟನೆಯನ್ನು ಪೊದೆಯ ವೃತ್ತದಲ್ಲೇ ಇಡಿಸಿದ್ದರು. ಸಾಹೇಬರನ್ನು ಆಳುಗಳಿಬ್ಬರು ಹಿಂದಿನಿಂದ ತಳ್ಳಿ ಅಲ್ಲಿಯವರೆಗೆ ಮುಟ್ಟಿಸಿದ್ದರು. ಅವರು ಉಸಿರು ಎಳೆದುಕೊಳ್ಳುತ್ತ ಭಾಷಣ ಮಾಡಿದರು. ಪ್ರತಿಯೊಂದು ತಿರುವಿಗೂ ತಾವು ನಿದ್ದೆಗೆಟ್ಟಿದ್ದಾಗಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಅಂದಾಜಣ್ಣ ಪೊದೆಯ ಮರೆಯಲ್ಲಿ ನಿಂತು ಕೆಳಗಿನ ದಾರಿಯನ್ನೇ ನೋಡುತ್ತಿದ್ದ. ಅತ್ತೆಯ ತಲೆ ಮೊದಲು ಕಂಡಿತು, ಆಮೇಲೆ ಹೆಂಡತಿಯದು, ಕೊನೆಗೆ ಡ್ರಿಲ್ ಮೇಷ್ಟ್ರದು. ಅವನು ಪೊದೆಗೆ ಇನ್ನಷ್ಟು ಒತ್ತಿಕೊಂಡು ನಿಂತ.

ಮೇಸ್ತ್ರಿ ಮರ್ಯಾದೆಯಿಂದ ಅತ್ತೆಗೆ ನೀರು ತಂದುಕೊಟ್ಟ. ಅತ್ತೆ ನೀರು ಕುಡಿಯಲಿಲ್ಲ, ಚೆಲ್ಲಿದರು. ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ತಗ್ಗುಗಳ ಮೇಲೆ ಬೆರಳಾಡಿಸಿದರು.

"ಎಲ್ಲಿ ಸಿಕ್ತಪ್ಪಾ ಇದು?"

"ಇಲ್ಲೇ ಅಮ್ಮ. ಟೇಪ್ ಇದ್ದ ಕಡೆಯೇ ಅಗೆಯುವಾಗ ತಿರುವಿಗೊಂದರಂತೆ ಡಬ್ಬಿ ಸಿಕ್ತು. ಗೆರೆ ಮಾಡಿದವರೇ ಗುರುತಿಗೆ ಇಟ್ಟಿರಬೇಕು ಅಂದ್ಕೊಂಡೆ."

ಮೇಡಂ ಕಿವಿ ನಿಮಿರಿಸಿದರು. "ಹೌದಾ? ಇದೂ ನಿಮ್ಮ ವಿಧಾನವೇನ್ರೀ?"

ಅಲ್ಲ ಎಂದರೆ ಗೆರೆಯೂ ತಮ್ಮದಲ್ಲ ಎಂದಾಗುತ್ತಿತ್ತು. ಸಾಹೇಬರು ಎರಡು ಸಲ ಟೋಪಿ ಸರಿಮಾಡಿಕೊಂಡರು. "ಹೌದು ಮೇಡಂ. ಸ್ಟೀಲ್ ನೋಡಿ, ಬಿಸಿಲಿಗೆ ಹೊಳೆಯುತ್ತೆ. ದೂರದಿಂದ ತಿರುವು ಕಾಣುತ್ತೆ."

"ಹಾಗಾದ್ರೆ ನೀವೇ" ಎಂದರು ಅತ್ತೆ. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. "ಹೆಂಡತಿಗೆ ತೋರಿಸ್ತೀನಿ ಅಂತ ನನ್ನ ಅಳಿಯಂದಿರ ಕೈಯಿಂದ ಇಸ್ಕೊಂಡು, ಬೆಟ್ಟದ ಮೇಲೆ ಎಸೆದು ಹೋದವರು ನೀವೇ. ನಮ್ಮ ಯಜಮಾನ್ರು ಅಷ್ಟು ವರ್ಷ ಒಂದು ಗೀರು ಬೀಳದ ಹಾಗೆ ನೋಡ್ಕೊಂಡಿದ್ದು. ಹೌದೋ ಅಲ್ವೋ, ಹೇಳಿ."

ಸಾಹೇಬರು ಪೊದೆಯ ಮರೆಯಿಂದ ಇಣುಕುತ್ತಿದ್ದ ಅಂದಾಜಣ್ಣನನ್ನು ನೋಡಿದರು. ಮೇಡಂ ಸಾಹೇಬರನ್ನು ನೋಡಿದರು. ಸಾಹೇಬರು ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದರು. ಕಳ್ಳನಾದರೆ ದಾರಿ ಉಳಿಯುತ್ತಿತ್ತು, ಸಾಚಾ ಆದರೆ ದಾರಿ ಹೋಗುತ್ತಿತ್ತು.

"ಹೌದಮ್ಮ" ಎಂದರು ಕೊನೆಗೆ. "ನಾನೇ. ದೇಶದ ಕೆಲಸಕ್ಕೆ ಅಂತ."

ಅತ್ತೆ ನಿಟ್ಟುಸಿರು ಬಿಟ್ಟು ಅಳಿಯನ ಕಡೆ ತಿರುಗಿದರು. "ನಿಮ್ಮ ಮೇಲೆ ಒಳಗೊಳಗೇ ಅನುಮಾನ ಪಟ್ಟಿದ್ದೆ. ತಪ್ಪಾಯ್ತು. ನಾನೇ ಯೋಚನೆ ಮಾಡಬೇಕಿತ್ತು. ಇಷ್ಟು ದೊಡ್ಡ ಕೆಲಸ ಕೆಡಿಸೋದಕ್ಕೂ ಒಂದು ಯೋಗ್ಯತೆ ಬೇಕು, ನಿಮ್ಮಿಂದ ಎಲ್ಲಿ ಆಗುತ್ತೆ?"

ಅಂದಾಜಣ್ಣ ಇಲ್ಲಿ ತೆಪ್ಪಗೆ ಇದ್ದಿದ್ದರೆ ಮನೆಯಾದರೂ ಉಳಿಯುತ್ತಿತ್ತು. ಆದರೆ ನಿರಪರಾಧಿ ಎನ್ನಿಸಿಕೊಂಡದ್ದು ಅವನಿಗೆ ತಡೆಯಲಾರದಷ್ಟು ಅವಮಾನವಾಯಿತು. ಕಾಲು ಉಳುಕಿಸಿಕೊಂಡವನು ಅವನು, ಮುಳ್ಳಿಗೆ ಮೈ ಕೊಟ್ಟವನು ಅವನು, ಮಾಡಿದ ತಪ್ಪಿನ ಕೀರ್ತಿಯೂ ಸಾಹೇಬರಿಗೇ ಹೋಗುವುದೆಂದರೇನು? ಪೊದೆಯ ಮರೆಯಿಂದ ಹೊರಗೆ ಬಂದ.

"ಸುಳ್ಳು" ಎಂದ. "ಉರುಳಿಸಿದ್ದು ನಾನು. ಅತ್ತೆ, ನಿಮ್ಮನ್ನ ಕೇಳದೆ ಒಯ್ದೆ. ತುದೀಲಿ ಊಟಕ್ಕೆ ಕೂತಿದ್ದೆ, ಮೊಣಕೈ ತಾಗಿ ಉರುಳಿಹೋಯ್ತು. ಮೇಡಂ, ಇದು ಯಾರ ಗೆರೆಯೂ ಅಲ್ಲ. ಕ್ಯಾರಿಯರ್ ಉರುಳಿದ ದಾರಿ. ಈ ಪೊದೆ ಸುತ್ತ ಮುಚ್ಚಳ ಒಂದು ಸುತ್ತು ಹಾಕ್ತು, ನಾನು ಕಣ್ಣಾರೆ ಕಂಡೆ."

ದೊಡ್ಡ ಮೇಡಂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ತನ್ನ ಅಧಿಕಾರಿಯ ಮಾನ ಉಳಿಸೋಕೆ ಒಬ್ಬ ಮನುಷ್ಯ ಇಷ್ಟು ದೂರ ಹೋಗ್ತಾನಾ?" ಎಂದರು. "ಪಾಪ, ಸುಳ್ಳು ಹೇಳೋಕೂ ಬರಲ್ಲ. ಉರುಳಿ ಬಿದ್ದ ಡಬ್ಬಿ ಇಂಥ ದಾರಿ ಮಾಡುತ್ತಾ?"

"ಮಾಡ್ತು ಮೇಡಂ, ಆಣೆ ಮಾಡಿ ಹೇಳ್ತೀನಿ. ಮೊಸರು ಚೆಲ್ಲಿತ್ತು, ಅದನ್ನ ನೋಡ್ಕೊಂಡು ಟೇಪ್ ಕಟ್ಟಿದೆ."

ಮೊಸರಿನ ಮಾತಿಗೆ ಡ್ರಿಲ್ ಮೇಷ್ಟ್ರು ಕೂಡ ಕರವಸ್ತ್ರ ತೆಗೆದರು. ಅಂದಾಜಣ್ಣ ನಿಜವನ್ನು ಬಿಡಿಸಿ ಬಿಡಿಸಿ ಹೇಳಿದಷ್ಟೂ ಜನಕ್ಕೆ ಅವನ ಮೇಲೆ ಗೌರವ ಹೆಚ್ಚಾಯಿತು.

"ಇವರು ಖಾಯಂ ನೌಕರರು ತಾನೇ?" ಎಂದು ಮೇಡಂ ಕೇಳಿದರು.

ಸಾಹೇಬರಿಗೆ ಪಾರಾಗುವ ಬಾಗಿಲು ಕಂಡಿತು. "ಇವತ್ತೇ ಮಾಡಿಸ್ತೀನಿ ಮೇಡಂ" ಎಂದು ಅಂದಾಜಣ್ಣನ ಹೆಗಲು ಹಿಡಿದು, ಯಾರಿಗೂ ಕಾಣದಂತೆ ಬಲವಾಗಿ ಜಿಗುಟಿದರು. "ಇನ್ನು ಒಂದು ಮಾತೂ ಆಡಬೇಡ ಮಾರಾಯ" ಎಂದು ಕಿವಿಯಲ್ಲಿ ಉಸುರಿದರು. ಅಂದಾಜಣ್ಣ ಬಾಯಿ ತೆರೆದವನು ಹಾಗೆಯೇ ಮುಚ್ಚಿದ. ನಿಜ ಹೇಳುವ ತನ್ನ ಪಾಲಿನ ಕರ್ತವ್ಯ ಅಂದಾಜು ಮುಗಿಯಿತು ಎಂದು ಅವನಿಗೆ ಅನ್ನಿಸಿತು.

ಮೇಸ್ತ್ರಿ ಉಳಿದ ಡಬ್ಬಿಗಳನ್ನೂ ತಂದುಕೊಟ್ಟ. ಅತ್ತೆ ಅವನ್ನು ಸೆರಗಿನಲ್ಲಿ ಕಟ್ಟಿಕೊಂಡರು. ಹತ್ತುವಾಗ ಸಿಟ್ಟು ಎಳೆದುಕೊಂಡು ಬಂದಿತ್ತು, ಇಳಿಯುವಾಗ ಸಿಟ್ಟೂ ಇರಲಿಲ್ಲ, ಕಾಲಲ್ಲಿ ತ್ರಾಣವೂ ಇರಲಿಲ್ಲ. ಮಗಳನ್ನು ಬಿಟ್ಟು ಅಳಿಯನ ಕಡೆ ಕೈ ಚಾಚಿದರು. ಅಷ್ಟು ವರ್ಷಗಳಲ್ಲಿ ಅವರು ಅವನಿಂದ ಏನನ್ನೂ ಕೇಳಿದ್ದಿಲ್ಲ. ಅಂದಾಜಣ್ಣ ಆ ಕೈ ಹಿಡಿದುಕೊಂಡ.

ಗುಂಡುಕಲ್ಲು ದಾಟುವಾಗ ಅತ್ತೆ ನಿಂತು, ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿ, ದನಿ ತಗ್ಗಿಸಿದರು.

"ಅಳಿಯಂದಿರೇ, ನಿಮ್ಮದು ಹೂವಿನಂಥ ಮನಸ್ಸು, ನನಗೆ ಇವತ್ತು ಗೊತ್ತಾಯ್ತು. ಆದ್ರೆ ನಾಳೆಯಿಂದ ಊಟ ಬಟ್ಟೇಲಿ ಕಟ್ಟಿಕೊಡ್ತೀನಿ. ನಿಮ್ಮ ಸಾಹೇಬರ ಎದುರಿಗೆ ಮಾತ್ರ ಬಿಚ್ಚಬೇಡಿ, ಆ ಮನುಷ್ಯ ಬಟ್ಟೇನೂ ಬಿಡಲ್ಲ."

"ಆಗ್ಲಿ ಅತ್ತೆ" ಎಂದ ಅಂದಾಜಣ್ಣ. ಮೆಟ್ಟಿಲು ಕಡಿದಾಗಿತ್ತು. ಅವನು ಅವರ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡು ಇಳಿಸತೊಡಗಿದ.